ನಿವೃತ್ತರ ಬೆನ್ನು ಬಿಡದ ಬಾಕಿ

ಸರ್ಕಾರಿ ಕಚೇರಿಯಲ್ಲಿ ಯಾರಾದರೂ ನಿವೃತ್ತರಾಗುವ ದಿನ ಹತ್ತಿರ ಬಂತೆಂದರೆ ಹಾರ, ಶಾಲು, ಪೇಟದ ಏರ್ಪಾಟಿನ ಜೊತೆಗೇ ಇನ್ನೊಂದು ಲೆಕ್ಕಾಚಾರ ಸದ್ದಿಲ್ಲದೆ ಶುರುವಾಗುತ್ತದೆ. ಸೊಸೈಟಿ ಸಾಲ ತೀರಿದೆಯೇ? ಮನೆ ಕಟ್ಟಲು ಪಡೆದ ಮುಂಗಡದ ಬಡ್ಡಿ ಉಳಿದಿದೆಯೇ? ಕ್ವಾರ್ಟರ್ಸ್ ಬಾಡಿಗೆ ಬಾಕಿ ಎಷ್ಟು? ಇವರ ಸಾಲಕ್ಕೆ ಜಾಮೀನು ಹಾಕಿದ ಸಹೋದ್ಯೋಗಿ ಕೇಸ್ ವರ್ಕರ್ ಮೇಜಿನ ಹತ್ತಿರ ಎರಡು ಸಲ ಸುಮ್ಮನೆ ಸುಳಿದಾಡಿ ಹೋಗುತ್ತಾರೆ. ಅವರ ಆತಂಕ ಹುಸಿಯಲ್ಲ. ಸಂಬಳ ಬರುತ್ತಿರುವಾಗ ಸಾಲ ವಸೂಲಿಗೆ ಇರುವ ಕಾನೂನೇ ಬೇರೆ, ಸಂಬಳ ನಿಂತ ಮೇಲೆ ಇರುವುದೇ ಬೇರೆ.

ಮೊದಲು ಸೇವೆಯಲ್ಲಿರುವವರ ಮಾತು. ಸಾಲ ಕೊಟ್ಟವರು ಸಿವಿಲ್ ಕೋರ್ಟಿನಲ್ಲಿ ದಾವೆ ಹೂಡಿ ಡಿಕ್ರಿ ಪಡೆದು, ಅಮಲ್ಜಾರಿ ಅರ್ಜಿ ಹಾಕಿದರೆ ನೌಕರನ ಸಂಬಳವನ್ನೇ ಜಪ್ತಿ ಮಾಡಿಸಬಹುದು. ಆದರೆ ಇಡೀ ಸಂಬಳವನ್ನಲ್ಲ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಮಿನ ಪ್ರಕಾರ ಸಂಬಳದ ಮೊದಲ 1,000 ರೂಪಾಯಿಯನ್ನು ಮುಟ್ಟುವಂತಿಲ್ಲ. ಉಳಿದದ್ದರಲ್ಲಿ ಮೂರನೇ ಎರಡು ಪಾಲೂ ನೌಕರನದೇ. ಜಪ್ತಿಗೆ ಸಿಗುವ ಸಂಬಳ 40,000 ರೂಪಾಯಿ ಎಂದುಕೊಳ್ಳಿ. ಮೊದಲ ಸಾವಿರ ಕಳೆದರೆ 39,000. ಅದರ ಮೂರನೇ ಒಂದು ಪಾಲು 13,000 ಕೋರ್ಟಿಗೆ ಹೋಗುತ್ತದೆ, 27,000 ಮನೆಗೆ ಬರುತ್ತದೆ. ಸರ್ಕಾರ ಅಧಿಸೂಚನೆ ಹೊರಡಿಸಿ ವಿನಾಯಿತಿ ಕೊಟ್ಟ ಭತ್ಯೆಗಳನ್ನು ಈ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಇದಕ್ಕೆ ಕಾಲಮಿತಿಯೂ ಇದೆ. ಒಂದೇ ಡಿಕ್ರಿಗಾಗಿ ಒಟ್ಟು 24 ತಿಂಗಳು ಕಟಾವಾದರೆ, ಸಾಲ ಇನ್ನೂ ಉಳಿದಿದ್ದರೂ ಆ ಡಿಕ್ರಿಯ ಹೆಸರಿನಲ್ಲಿ ಮತ್ತೆ ಸಂಬಳಕ್ಕೆ ಕೈ ಹಾಕುವಂತಿಲ್ಲ. ಹೆಂಡತಿ ಮಕ್ಕಳ ಜೀವನಾಂಶದ ಡಿಕ್ರಿಗೆ ಮಾತ್ರ ಈ ದಾಕ್ಷಿಣ್ಯವಿಲ್ಲ. ಅಲ್ಲಿ ನೌಕರನಿಗೆ ಉಳಿಯುವುದು ಮೂರನೇ ಒಂದು ಪಾಲಷ್ಟೇ.

ಕೋರ್ಟಿನ ಆದೇಶ ನೇರವಾಗಿ ಬರುವುದು ಸಂಬಳ ಬಟವಾಡೆ ಅಧಿಕಾರಿಗೆ. ಅದನ್ನು ಫೈಲಿನಲ್ಲಿ ಮಲಗಿಸಿ ಪೂರ್ತಿ ಸಂಬಳ ಕೊಟ್ಟುಬಿಟ್ಟರೆ, ಹಾಗೆ ಕೊಟ್ಟ ಹಣಕ್ಕೆ ಸರ್ಕಾರವೇ ಹೊಣೆಯಾಗುತ್ತದೆ ಎನ್ನುತ್ತದೆ ಸಂಹಿತೆಯ 21ನೇ ಆದೇಶದ 48ನೇ ನಿಯಮ. ಹಾಗಾಗಿ ಜಪ್ತಿ ಆದೇಶ ಬಂದ ತಿಂಗಳೇ ಕಟಾವು ಶುರುವಾಗುವುದು ವಾಡಿಕೆ.

ಸಹಕಾರ ಸಂಘಗಳಿಗೆ ಇಷ್ಟೆಲ್ಲ ಸುತ್ತಾಟ ಬೇಕಿಲ್ಲ. ನೌಕರರ ಪತ್ತಿನ ಸೊಸೈಟಿಯಲ್ಲಿ ಸಾಲ ಎತ್ತುವಾಗಲೇ ‘ನನ್ನ ಸಂಬಳದಲ್ಲಿ ಹಿಡಿದು ಕಟ್ಟಿ’ ಎಂದು ಒಪ್ಪಿಗೆ ಪತ್ರ ಬರೆದುಕೊಡಬೇಕು. ಕರ್ನಾಟಕ ಸಹಕಾರ ಸಂಘಗಳ ಕಾಯ್ದೆ, 1959ರ 34ನೇ ಕಲಮು ಈ ಪತ್ರಕ್ಕೆ ಬಲ ಕೊಡುತ್ತದೆ. ಕೋರ್ಟಿನ ಮೆಟ್ಟಿಲು ಹತ್ತದೆಯೇ ಪ್ರತಿ ತಿಂಗಳ ಬಿಲ್ಲಿನಲ್ಲಿ ಕಂತು ಕಟಾವಾಗುತ್ತದೆ.

ನಿವೃತ್ತಿಯ ಮಾರನೇ ದಿನದಿಂದ ಚಿತ್ರ ಬದಲಾಗುತ್ತದೆ. ಸರ್ಕಾರಿ ಪಿಂಚಣಿಯನ್ನು ಸಾಲದಾತರ ಕೈಗೆ ಸಿಗದಂತೆ ಕಾಯುವ ಕಾನೂನು ಬ್ರಿಟಿಷರ ಕಾಲದ್ದು. 1871ರ ಪಿಂಚಣಿ ಕಾಯ್ದೆಯ 11ನೇ ಕಲಮು ಪಿಂಚಣಿಯನ್ನು ಯಾವ ಸಾಲದಾತನ ಕೋರಿಕೆಯ ಮೇಲೂ ಜಪ್ತಿ ಮಾಡುವಂತಿಲ್ಲ ಎನ್ನುತ್ತದೆ. ಸಿವಿಲ್ ಪ್ರಕ್ರಿಯಾ ಸಂಹಿತೆಯೂ ಪಿಂಚಣಿ, ಗ್ರಾಚ್ಯುಟಿ, ಭವಿಷ್ಯ ನಿಧಿಗಳನ್ನು ಜಪ್ತಿಯಿಂದ ಹೊರಗಿಟ್ಟಿದೆ. ಸರ್ಕಾರಿ ನೌಕರನೊಬ್ಬನ ಭವಿಷ್ಯ ನಿಧಿಯ ಮೇಲೆ ಚೀಟಿ ಕಂಪನಿಯೊಂದು ಕಣ್ಣು ಹಾಕಿದಾಗ, ಆ ಹಣ ನೌಕರನ ಕೈ ಸೇರುವವರೆಗೆ ಮುಟ್ಟುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 1976ರಲ್ಲಿ ಹೇಳಿತು. 2008ರಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಪಿಂಚಣಿ ಮತ್ತು ಗ್ರಾಚ್ಯುಟಿ ಹಣ ನಿವೃತ್ತನ ಕೈ ಸೇರಿ ಬ್ಯಾಂಕ್ ಠೇವಣಿಯಾದರೂ ಅದರ ರಕ್ಷಣೆ ತಪ್ಪುವುದಿಲ್ಲ ಎಂದು ಸ್ಪಷ್ಟಪಡಿಸಿತು.

ಜಾಮೀನುದಾರನ ನಿದ್ದೆ ಕೆಡುವುದು ಇಲ್ಲೇ. ಸಾಲ ಮಾಡಿದವನ ಪಿಂಚಣಿಗೆ ಕಾನೂನಿನ ಕಾವಲಿದೆ, ಜಾಮೀನು ಹಾಕಿದವನ ಸಂಬಳ ಮಾತ್ರ ತಿಂಗಳು ತಿಂಗಳು ಬರುತ್ತಲೇ ಇದೆ. 1872ರ ಕರಾರು ಕಾಯ್ದೆಯ 128ನೇ ಕಲಮಿನ ಪ್ರಕಾರ ಸಾಲಗಾರನ ಹೊಣೆ ಎಷ್ಟೋ ಜಾಮೀನುದಾರನದೂ ಅಷ್ಟೇ. ಮೊದಲು ಅವನನ್ನು ಕೇಳಿ, ಆಮೇಲೆ ನನ್ನ ಹತ್ತಿರ ಬನ್ನಿ ಎನ್ನುವ ಮಾತು ಸಾಮಾನ್ಯವಾಗಿ ನಡೆಯುವುದಿಲ್ಲ.

ಹಾಗೆಂದು ನಿವೃತ್ತ ಸಾಲಗಾರ ಪೂರ್ತಿ ಪಾರಾದ ಎನ್ನುವಂತಿಲ್ಲ. ಅರವತ್ತಾದ ಮೇಲೆ ಖಾಸಗಿ ಕಾಲೇಜಿನಲ್ಲೋ ಕಂಪನಿಯಲ್ಲೋ ಕೆಲಸಕ್ಕೆ ಸೇರಿದರೆ ಅಲ್ಲಿಯ ಸಂಬಳ ಪಿಂಚಣಿಯಲ್ಲ, ಬರೀ ಸಂಬಳ. ಸಿವಿಲ್ ಪ್ರಕ್ರಿಯಾ ಸಂಹಿತೆಗೆ 1976ರ ತಿದ್ದುಪಡಿಯಲ್ಲಿ ಬಂದ 48ಎ ನಿಯಮದಡಿ ಹಳೆಯ ಡಿಕ್ರಿ ಹಿಡಿದು ಬಂದವರು ಅದನ್ನು ಅದೇ ಮೂರನೇ ಒಂದು ಪಾಲಿನ ಲೆಕ್ಕದಲ್ಲಿ ಜಪ್ತಿ ಮಾಡಿಸಬಹುದು.

ಅಮೆರಿಕದಲ್ಲಿ ಈ ಕೊನೆಯ ದಾರಿಯೇ ಸರ್ಕಾರದ ದೊಡ್ಡ ಅಸ್ತ್ರ. ಅಲ್ಲಿನ 1996ರ ಸಾಲ ವಸೂಲಿ ಸುಧಾರಣಾ ಕಾಯ್ದೆಯಿಂದಾಗಿ, ಕೆಲಸ ಬಿಟ್ಟುಹೋದ ನೌಕರನಿಂದ ಹಣ ಬರಬೇಕಿದ್ದರೆ ಕೇಂದ್ರ ಸರ್ಕಾರದ ಇಲಾಖೆ ಕೋರ್ಟಿಗೆ ಹೋಗಬೇಕಾಗಿಯೇ ಇಲ್ಲ. ಅವನ ಹೊಸ ಖಾಸಗಿ ಮಾಲೀಕನಿಗೇ ಆದೇಶ ಕಳಿಸಿ, ತೆರಿಗೆ ಮತ್ತು ಆರೋಗ್ಯ ವಿಮೆಯ ಕಂತು ಕಳೆದು ಉಳಿದ ಸಂಬಳದಲ್ಲಿ ಶೇ 15ರವರೆಗೆ ಹಿಡಿಸಬಹುದು. ಅದಕ್ಕೆ 30 ದಿನ ಮೊದಲು ನೋಟಿಸ್ ಕೊಡಬೇಕು, ಕೇಳಿದರೆ ವಿಚಾರಣೆ ನಡೆಸಬೇಕು. ತಾನಾಗಿ ಬಿಡದೆ ಕೆಲಸ ಕಳೆದುಕೊಂಡವನಾದರೆ, ಹೊಸ ಕೆಲಸದಲ್ಲಿ 12 ತಿಂಗಳು ಪೂರೈಸುವ ತನಕ ಅವನ ಸಂಬಳ ಮುಟ್ಟುವಂತಿಲ್ಲ.

ಈ ಅಸ್ತ್ರ ಎಷ್ಟು ಕಟುವಾಗಬಲ್ಲದು ಎಂಬುದು 2016ರಲ್ಲಿ ಬಯಲಾಯಿತು. ಇರಾಕ್, ಅಫ್ಘಾನಿಸ್ತಾನ ಯುದ್ಧಗಳಿಗೆ ಜನ ಸಾಲದೆ ಬಂದಾಗ ಕ್ಯಾಲಿಫೋರ್ನಿಯಾ ನ್ಯಾಷನಲ್ ಗಾರ್ಡ್ ಸೈನಿಕರಿಗೆ 15,000 ಡಾಲರ್, ಅದಕ್ಕೂ ಹೆಚ್ಚು ಬೋನಸ್ ಕೊಟ್ಟು ಸೇವೆ ಮುಂದುವರಿಸುವಂತೆ ಮಾಡಿತ್ತು. ಅವರಲ್ಲಿ ಅನೇಕರಿಗೆ ಆ ಅರ್ಹತೆಯೇ ಇರಲಿಲ್ಲವೆಂದು ವರ್ಷಗಳ ನಂತರ ಲೆಕ್ಕ ತಪಾಸಣೆಯಲ್ಲಿ ಗೊತ್ತಾಯಿತು. ತಪ್ಪು ಹಂಚಿಕೆ ಮಾಡಿದವರದು. ನೋಟಿಸ್ ಹೋದದ್ದು ಯುದ್ಧ ಮಾಡಿ ಬಂದವರೂ ಸೇರಿದಂತೆ ಸುಮಾರು 10,000 ಮಂದಿಗೆ. ಹಣ ವಾಪಸು ಕೊಡದಿದ್ದರೆ ಬಡ್ಡಿ, ಸಂಬಳ ಜಪ್ತಿ. ಲಾಸ್ ಏಂಜಲೀಸ್ ಟೈಮ್ಸ್ ಪತ್ರಿಕೆ ಇದನ್ನು ಬರೆದ ಕೆಲವೇ ದಿನಗಳಲ್ಲಿ, ಅಕ್ಟೋಬರ್ ಕೊನೆಯ ವಾರ, ರಕ್ಷಣಾ ಕಾರ್ಯದರ್ಶಿ ಆಷ್ ಕಾರ್ಟರ್ ವಸೂಲಿಯನ್ನು ತಡೆಹಿಡಿದರು.

ಇಲಾಖೆಯ ತಪ್ಪಿಗೆ ನೌಕರ ದಂಡ ತೆರುವ ಕಥೆ ನಮ್ಮಲ್ಲೂ ಹೊಸದಲ್ಲ. ಪಿಂಚಣಿ ಕಾಗದ ತಯಾರಾಗುವಾಗ ಸೇವಾ ಪುಸ್ತಕ ಮಹಾಲೇಖಪಾಲರ ಕಚೇರಿಗೆ ಹೋಗುತ್ತದೆ. ಯಾವ ಕಾಲದಲ್ಲೋ ಕೊಟ್ಟ ವೇತನ ಬಡ್ತಿ ನಿಯಮಕ್ಕೆ ಹೊಂದುವುದಿಲ್ಲ, ವೇತನ ನಿಗದಿ ತಪ್ಪಾಗಿದೆ ಎಂಬ ಆಕ್ಷೇಪಣೆ ಅಲ್ಲಿಂದ ಬರುತ್ತದೆ. ಇಪ್ಪತ್ತು ವರ್ಷದ ಹೆಚ್ಚುವರಿ ಪಾವತಿ ಒಟ್ಟುಗೂಡಿ ಲಕ್ಷಗಳಾಗುತ್ತದೆ. ಅಷ್ಟನ್ನೂ ಗ್ರಾಚ್ಯುಟಿಯಲ್ಲಿ ಮುರಿದುಕೊಳ್ಳಿ ಎಂಬ ಆದೇಶ ಹೊರಡುತ್ತದೆ. ಹೊರಗಿನ ಸಾಲದಾತರಿಗೆ ಮುಚ್ಚಿದ ಬಾಗಿಲು ಸರ್ಕಾರಕ್ಕೆ ತೆರೆದೇ ಇರುತ್ತದೆ, ಏಕೆಂದರೆ ಹಣ ಕೊಡಬೇಕಾದದ್ದೂ ಅದೇ.

ಆ ಬಾಗಿಲಿಗೂ ಚಿಲಕ ಹಾಕಿದ್ದು ಸುಪ್ರೀಂ ಕೋರ್ಟ್. ವಕೀಲರು, ನೌಕರ ಸಂಘದವರು ‘ರಫೀಕ್ ಮಸೀಹ್ ತೀರ್ಪು’ ಎಂದು ಕರೆಯುವ, 2014ರ ಡಿಸೆಂಬರ್ 18ರ ಆದೇಶ ಐದು ಸಂದರ್ಭಗಳನ್ನು ಪಟ್ಟಿ ಮಾಡಿತು. ಸಿ ಮತ್ತು ಡಿ ಗುಂಪಿನ ನೌಕರರಿಂದ ಹೆಚ್ಚುವರಿ ಸಂಬಳ ವಸೂಲಿ ಮಾಡುವಂತಿಲ್ಲ. ನಿವೃತ್ತರಾದವರಿಂದ, ಒಂದು ವರ್ಷದೊಳಗೆ ನಿವೃತ್ತರಾಗುವವರಿಂದಲೂ ಇಲ್ಲ. ಐದು ವರ್ಷಕ್ಕಿಂತ ಹೆಚ್ಚು ಕಾಲ ಕೊಟ್ಟದ್ದನ್ನು, ಮೇಲಿನ ಹುದ್ದೆಯ ಕೆಲಸ ಮಾಡಿಸಿಕೊಂಡು ಅದಕ್ಕೆ ಕೊಟ್ಟ ಸಂಬಳವನ್ನು ಹಿಂದಕ್ಕೆ ಕೇಳುವಂತಿಲ್ಲ. ವಸೂಲಿ ತೀರಾ ಅನ್ಯಾಯವಾಗಿ ಕಂಡಲ್ಲಿ ಕೋರ್ಟ್ ತಡೆಯಬಹುದು. 1999ರಲ್ಲಿ ನಿವೃತ್ತರಾದ ಕೇರಳದ ಶಾಲಾ ಶಿಕ್ಷಕರೊಬ್ಬರು ಇಂಥದೇ ವಸೂಲಿಯ ವಿರುದ್ಧ ಹೋರಾಡಿ ಗೆದ್ದದ್ದು 2022ರ ಮೇ ತಿಂಗಳಲ್ಲಿ. ನಿಯಮವನ್ನು ತಪ್ಪಾಗಿ ಓದಿದ್ದು ಇಲಾಖೆ, ಶಿಕ್ಷಕರು ಮೋಸ ಮಾಡಿರಲಿಲ್ಲ ಎಂಬುದು ಅಲ್ಲಿ ನಿರ್ಣಾಯಕವಾಯಿತು.

ಆದರೆ ಮೋಸಕ್ಕೆ ಈ ರಕ್ಷಣೆ ಇಲ್ಲ. ಗಂಭೀರ ದುರ್ನಡತೆಯಿಂದ ಸರ್ಕಾರಕ್ಕೆ ನಷ್ಟವಾಗಿದೆ ಎಂದು ವಿಚಾರಣೆಯಲ್ಲಿ ಸಾಬೀತಾದರೆ ಕರ್ನಾಟಕ ನಾಗರಿಕ ಸೇವಾ ನಿಯಮಾವಳಿಯ 214ನೇ ನಿಯಮದಡಿ ಪಿಂಚಣಿಯಿಂದಲೇ ವಸೂಲಿ ಮಾಡಬಹುದು. ನಿವೃತ್ತಿಯ ನಂತರ ಇಲಾಖಾ ವಿಚಾರಣೆ ಹೊಸದಾಗಿ ಶುರುವಾಗಬೇಕಾದರೆ ಸರ್ಕಾರದ ಮಂಜೂರಾತಿ ಬೇಕು. ನಾಲ್ಕು ವರ್ಷಕ್ಕಿಂತ ಹಳೆಯ ಘಟನೆಯನ್ನು ಕೆದಕುವಂತಿಲ್ಲ.

ಇನ್ನೊಂದು ಸೂಕ್ಷ್ಮವನ್ನು ಅನೇಕರು ಗಮನಿಸುವುದಿಲ್ಲ. ಪರಿಷ್ಕೃತ ವೇತನ ಪಡೆಯುವಾಗ ‘ಹೆಚ್ಚು ಪಾವತಿಯಾಗಿದ್ದರೆ ಹಿಂದಿರುಗಿಸುತ್ತೇನೆ’ ಎಂದು ಬರೆದುಕೊಡುವ ಮುಚ್ಚಳಿಕೆ ಬರೀ ಕಾಗದವಲ್ಲ. ಅಂಥ ಮುಚ್ಚಳಿಕೆಗೆ ಸಹಿ ಹಾಕಿದ್ದ ಹರಿಯಾಣದ ನ್ಯಾಯಾಧಿಕಾರಿಯೊಬ್ಬರು ನಿವೃತ್ತರಾಗಿದ್ದರೂ ಹಣ ವಾಪಸು ಕೊಡಬೇಕೆಂದು 2016ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು, ಕಂತುಗಳಲ್ಲಿ ಕಟ್ಟಲು ಅವಕಾಶ ಕೊಟ್ಟಿತು ಅಷ್ಟೆ.

ಸೇವಾ ಪುಸ್ತಕವನ್ನು ನಿವೃತ್ತಿಗೆ ಎರಡು ಮೂರು ವರ್ಷ ಮುಂಚೆಯೇ ತರಿಸಿ ಓದಿ, ವೇತನ ನಿಗದಿಯ ಆದೇಶಗಳನ್ನೂ ಸಹಿ ಹಾಕಿದ ಮುಚ್ಚಳಿಕೆಗಳನ್ನೂ ನಕಲು ಮಾಡಿಟ್ಟುಕೊಳ್ಳುವುದು ಒಳ್ಳೆಯದು. ಕಾರಣ ಕೇಳುವ ನೋಟಿಸ್ ಬಂದರೆ ಸುಮ್ಮನಿರದೆ ಲಿಖಿತ ಉತ್ತರ ಕೊಡಬೇಕು. ಅಂತಿಮ ವಸೂಲಿ ಆದೇಶ ಕೈಗೆ ಬಂದರೆ ರಾಜ್ಯ ಸರ್ಕಾರದ ನಿವೃತ್ತರು ಕರ್ನಾಟಕ ರಾಜ್ಯ ಆಡಳಿತ ನ್ಯಾಯಮಂಡಳಿಗೆ ಹೋಗಬಹುದು. ಅದಕ್ಕೆ ಕಾಯ್ದೆ ಕೊಟ್ಟಿರುವ ಗಡುವು ಒಂದು ವರ್ಷ.