ಒಗ್ಗರಣೆಯ ಎಣ್ಣೆ ಮತ್ತು ಹೃದಯ

‘ಎಳ್’ ಮತ್ತು ‘ನೆಯ್’ ಕೂಡಿ ಸವೆದು ‘ಎಣ್ಣೆ’ಯಾಯಿತು, ಸಂಸ್ಕೃತದ ‘ತೈಲ’ವೂ ‘ತಿಲ’ದಿಂದಲೇ ಹುಟ್ಟಿತು. ಹೆಸರು ಎಳ್ಳಿನದಾದರೂ ನಮ್ಮ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯ ಅಡುಗೆಮನೆಗಳಿಗೆ ಹಿಂದೆ ಗಾಣದಿಂದ ಬರುತ್ತಿದ್ದುದು ಹೆಚ್ಚಾಗಿ ಕುಸುಬೆಯ ಎಣ್ಣೆ, ಶೇಂಗಾ ಎಣ್ಣೆ. ಈಗ ಪ್ಯಾಕೆಟ್ಟಿನ ಸೂರ್ಯಕಾಂತಿಯೂ ತಾಳೆಯೂ ಅವುಗಳ ಪಕ್ಕದಲ್ಲಿ ಬಂದು ಕೂತಿವೆ.

ನಮ್ಮ ಅಣ್ಣನಿಗೆ ಹೃದಯಾಘಾತವಾದ ಮೇಲೆ, ನೋಡಲು ಬಂದವರೆಲ್ಲ ಒಂದೊಂದು ಎಣ್ಣೆಯನ್ನು ಹೊಗಳಿ ಹೋದರು. ವೈನಿ ನನ್ನನ್ನು ಕೇಳಿದರು: “ಯಾವುದ ಬಿಡ್ಲಿ, ಯಾವುದ ಹಾಕ್ಲಿ, ಹೇಳ್ರಿ.” ಕನ್ನಡ ಕಲಿಸಿದವನಿಗೆ ಇದು ಹೊರಗಿನ ವಿಷಯವೇ. ಆದರೆ ಪ್ರಶ್ನೆ ಸರಿಯಾಗಿತ್ತು. ಯಾವ ಎಣ್ಣೆ ಒಳ್ಳೆಯದು ಎಂಬುದಕ್ಕಿಂತ, ಯಾವುದರ ಬದಲು ಯಾವುದು ಎಂದು ಕೇಳಿದರೇ ವಿಜ್ಞಾನ ಉತ್ತರ ಕೊಡುವುದು.

ಚಳಿಗಾಲದ ಬೆಳಿಗ್ಗೆ ಕೊಬ್ಬರಿ ಎಣ್ಣೆ ಹೆಪ್ಪುಗಟ್ಟುತ್ತದೆ. ಕುಸುಬೆ ಎಣ್ಣೆ ಹರಿಯುತ್ತಲೇ ಇರುತ್ತದೆ. ಮೇದಾಮ್ಲದ ಇಂಗಾಲದ ಸರಪಳಿ ತಾನು ಹಿಡಿಯಬಲ್ಲಷ್ಟು ಜಲಜನಕವನ್ನು ಹಿಡಿದಿದ್ದರೆ ಅದು ಪರ್ಯಾಪ್ತ. ನಡುವೆ ಜೋಡಿಬಂಧವಿದ್ದರೆ ಅಪರ್ಯಾಪ್ತ. ನೆಟ್ಟಗಿನ ಸರಪಳಿಗಳು ಒತ್ತಾಗಿ ಕೂರುತ್ತವೆ, ಬಾಗಿದವು ಕೂರಲಾರವು. ಪರ್ಯಾಪ್ತ ಕೊಬ್ಬು ಹೆಚ್ಚಿದರೆ, ರಕ್ತದಲ್ಲಿರುವ ಎಲ್.ಡಿ.ಎಲ್. ಕೊಲೆಸ್ಟರಾಲನ್ನು ಹಿಂದಕ್ಕೆ ಸೆಳೆದುಕೊಳ್ಳುವ ಯಕೃತ್ತಿನ ಕೆಲಸ ಮಂದವಾಗುತ್ತದೆ. ಉಳಿದದ್ದು ಧಮನಿಯ ಗೋಡೆ ಸೇರುತ್ತದೆ. ಕೊಬ್ಬರಿ ಎಣ್ಣೆಯಲ್ಲಿ ಪರ್ಯಾಪ್ತ ಕೊಬ್ಬು ನೂರಕ್ಕೆ ಸುಮಾರು 90, ತಾಳೆಯಲ್ಲಿ 50, ಶೇಂಗಾದಲ್ಲಿ 20ರ ಆಸುಪಾಸು, ಕುಸುಬೆಯಲ್ಲಿ 10ಕ್ಕೂ ಕಡಿಮೆ. ಎಲ್ಲಕ್ಕಿಂತ ಕೇಡಿನದು ಹಳೆಯ ವನಸ್ಪತಿ. ಅರೆಬರೆ ಜಲಜನಕ ಸೇರಿಸುವಾಗ ಹುಟ್ಟುವ ಟ್ರಾನ್ಸ್ ಕೊಬ್ಬು ಅದರಲ್ಲಿತ್ತು. 2022ರಿಂದ ಭಾರತದಲ್ಲಿ ಅದರ ಮಿತಿ ನೂರಕ್ಕೆ 2.

ಹಾಗಾದರೆ ಕುಸುಬೆಯೇ ಗೆದ್ದಿತೆ? ಸಿಡ್ನಿಯಲ್ಲಿ 1966ರಿಂದ 1973ರವರೆಗೆ, ಹೃದ್ರೋಗಕ್ಕೆ ತುತ್ತಾಗಿದ್ದ 458 ಗಂಡಸರ ಮೇಲೆ ಒಂದು ಪ್ರಯೋಗ ನಡೆಯಿತು. ಕುಸುಬೆ ಎಣ್ಣೆಯನ್ನೂ ಅದರ ಮಾರ್ಗರೀನನ್ನೂ ಉಂಡವರಲ್ಲೇ ಸಾವು ಹೆಚ್ಚಾಗಿತ್ತು. 2013ರಲ್ಲಿ ಆ ಲೆಕ್ಕವನ್ನು ಮತ್ತೆ ತೆಗೆದು ನೋಡಿದಾಗಲೂ ಅದೇ ಫಲ. ಮಾರ್ಗರೀನಿನಲ್ಲಿ ಟ್ರಾನ್ಸ್ ಕೊಬ್ಬು ಇದ್ದಿರಬಹುದೆಂದು ಕೆಲವರು, ಒಮೆಗಾ-3 ಇಲ್ಲದೆ ಒಮೆಗಾ-6 ಒಂದನ್ನೇ ಸುರಿದದ್ದರಿಂದ ಎಂದು ಕೆಲವರು. ಆದರೂ ಅನೇಕ ಪ್ರಯೋಗಗಳನ್ನು ಒಟ್ಟಿಗೆ ತೂಗಿದ ಅಮೆರಿಕದ ಹಾರ್ಟ್ ಅಸೋಸಿಯೇಷನ್ 2017ರಲ್ಲಿ ಪರ್ಯಾಪ್ತದ ಬದಲು ಅಪರ್ಯಾಪ್ತವೇ ಹಿತವೆಂದಿತು. ನನಗೂ ಅದೇ ಸರಿಯೆನಿಸುತ್ತದೆ. ಒಂದೇ ಎಣ್ಣೆಗೆ ಅಂಟಿಕೊಳ್ಳದೆ ಬದಲಿಸುತ್ತ ಬಳಸಿರೆಂದು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಹೇಳುವುದೂ ಇದಕ್ಕೆ ಹೊಂದುತ್ತದೆ. ವೈನಿಗೆ ನಾನು ಹೇಳಿದ್ದು ಇಷ್ಟೇ: ತಾಳೆ ಬಿಡಿ, ಶೇಂಗಾ, ಕುಸುಬೆ ಸರದಿಯಲ್ಲಿ ಹಾಕಿ.

ಗಾಣದ ಎಣ್ಣೆಯ ಮೇಲಿನ ಮೋಹ ನನಗೂ ಉಂಟು; ಪರಿಮಳವೇ ಬೇರೆ. ಆದರೆ ಗಾಣ ತಿರುಗಿದ ಮಾತ್ರಕ್ಕೆ ಶೇಂಗಾದ ಪರ್ಯಾಪ್ತ ಕೊಬ್ಬು ಇಳಿಯುವುದಿಲ್ಲ.

ಇನ್ನು ಅಳತೆ. ಬ್ಯಾಡಗಿ ಮೆಣಸಿನಕಾಯಿಯ ಕೆಂಪು ನೀರಿನಲ್ಲಿ ಕರಗದು, ಎಣ್ಣೆಯಲ್ಲಿ ಕರಗುತ್ತದೆ. ಆದ್ದರಿಂದಲೇ ನಮ್ಮ ಎಣಗಾಯಿಯ ಮೇಲೆ ಕೆಂಪೆಣ್ಣೆ ತೇಲಿದರೇ ಕಣ್ಣಿಗೆ ತೃಪ್ತಿ. ಯಾವ ಎಣ್ಣೆಯಾದರೂ ಊಟದ ದೊಡ್ಡ ಚಮಚ ಒಂದಕ್ಕೆ ಸುಮಾರು 120 ಕ್ಯಾಲರಿ. ಬಣ್ಣ ಬಿಡಿಸಲು ಅಷ್ಟು ಬೇಕಿಲ್ಲ.

ಸಂಜೆಯ ಮಿರ್ಚಿ-ಭಜಿಯ ಬಾಣಲೆಯಲ್ಲಿ ಅಪರ್ಯಾಪ್ತ ಎಣ್ಣೆಯೂ ತನ್ನ ಗುಣ ಕಳೆದುಕೊಳ್ಳುತ್ತದೆ. ಅದರ ಜೋಡಿಬಂಧಗಳೇ ಗಾಳಿಗೂ ಕಾವಿಗೂ ಬೇಗ ಸಿಕ್ಕುವುದು. ಕಾದು ಕಾದು ಕೆಟ್ಟ ಎಣ್ಣೆಯಲ್ಲಿ ಹುಟ್ಟುವ ಧ್ರುವೀಯ ಸಂಯುಕ್ತಗಳು ನೂರಕ್ಕೆ 25 ದಾಟಿದರೆ ಅದನ್ನು ಬಳಸಕೂಡದೆಂಬ ನಿಯಮ 2018ರ ಜುಲೈಯಿಂದ ಇದೆ. ಅಳೆಯುವ ಉಪಕರಣ ಮನೆಯಲ್ಲಿರುವುದಿಲ್ಲ. ಎಣ್ಣೆ ಕಪ್ಪಾಗಿ, ನೊರೆಯೆದ್ದು, ಬೇಗ ಹೊಗೆಯಾಡಿದರೆ ಚೆಲ್ಲುವುದು. ನಿನ್ನೆಯ ಎಣ್ಣೆಯ ಮೇಲೆ ಇಂದಿನದನ್ನು ಸುರಿದರೆ ಹಳೆಯದು ಹೊಸದನ್ನೂ ಬೇಗ ಕೆಡಿಸುತ್ತದೆ.