ಅಮ್ಮ ಮತ್ತೆ ಶಾಲೆಗೆ ಹೊರಟಾಗ

ಉಪ್ಪಿನಕಾಯಿ ಡಬ್ಬಿಯ ಮುಚ್ಚಳ ಬಿಚ್ಚಿಕೊಳ್ಳಲಿಲ್ಲ. ಅಷ್ಟಕ್ಕೇ ಅಮ್ಮನ ಕಣ್ಣಲ್ಲಿ ನೀರು. "ಕೊಡಮ್ಮ, ನಾನು ತೆಗೀತೀನಿ" ಎಂದು ಮಗಳು ಕೈಚಾಚಿದರೆ, "ನನ್ನ ಕೈಗೇನಾಗಿದೆ? ನಾನೇ ತೆಗೀತೀನಿ ಬಿಡು" ಎಂಬ ಸಿಡುಕು. ಮಗಳಿಗೂ ಬೇಸರ, ಅಮ್ಮನಿಗೂ ಬೇಸರ. ಡಬ್ಬಿ ಹಾಗೇ ಕಟ್ಟೆಯ ಮೇಲೆ ಉಳಿಯುತ್ತದೆ.

ಅಮ್ಮ ಹೈಸ್ಕೂಲು ಟೀಚರು, ವಯಸ್ಸು 54. ಹೃದಯಾಘಾತವಾಗಿ ಸ್ಟೆಂಟ್ ಹಾಕಿಸಿಕೊಂಡು ಆರು ವಾರ ಮನೆಯಲ್ಲಿದ್ದರು. ಸೋಮವಾರ ಶಾಲೆಗೆ ಹಾಜರಾಗಬೇಕು. ಈ ಅಮ್ಮ ಒಬ್ಬರಲ್ಲ, ಹಲವು ಮನೆಗಳನ್ನು ಸೇರಿಸಿ ಇಲ್ಲಿ ಕಲ್ಪಿಸಿಕೊಂಡವರು. ಆದರೆ ಇಂಥ ಮನೆ ಕರ್ನಾಟಕದ ಯಾವ ತಾಲ್ಲೂಕಿಗೆ ಹೋದರೂ ಸಿಗುತ್ತದೆ. 2023ರಲ್ಲಿ ಆರಂಭವಾದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಿಂದಾಗಿ ತಾಲ್ಲೂಕು ಆಸ್ಪತ್ರೆಗಳಲ್ಲೇ ಇಸಿಜಿ ತೆಗೆದು, ರಕ್ತದ ಹೆಪ್ಪು ಕರಗಿಸುವ ಚುಚ್ಚುಮದ್ದು ಕೊಡುವ ವ್ಯವಸ್ಥೆ ಬಂದಿದೆ. ಜೀವ ಉಳಿಸಿಕೊಂಡು ಮನೆಗೆ ಮರಳಿದವರು ಮುಂದೇನು ಮಾಡಬೇಕು, ಮನೆಯವರು ಹೇಗೆ ಜೊತೆಗಿರಬೇಕು ಎಂಬುದನ್ನು ಕೂತು ವಿವರಿಸುವವರು ಮಾತ್ರ ಇನ್ನೂ ಕಡಿಮೆ.

ಅಮ್ಮನ ಕೈಯಲ್ಲಿ ಫಿಟ್‌ನೆಸ್ ಸರ್ಟಿಫಿಕೇಟ್ ಇದೆ. ಅದರಲ್ಲಿರುವುದು ಒಂದೇ ಮಾತು: ಕೆಲಸಕ್ಕೆ ಹಾಜರಾಗಲು ಅರ್ಹರು. ಭಾನುವಾರ ರಾತ್ರಿಯವರೆಗೆ ರೋಗಿ, ಸೋಮವಾರ ಬೆಳಿಗ್ಗೆಯಿಂದ ಪೂರ್ತಿ ಗಟ್ಟಿ. ದೇಹ ಈ ಲೆಕ್ಕಕ್ಕೆ ಒಗ್ಗುವುದಿಲ್ಲ.

ಏಕೆ ಒಗ್ಗುವುದಿಲ್ಲ ಎಂಬುದಕ್ಕೆ ಉತ್ತರ ಸಿಕ್ಕಿದ್ದು ರೋಗಿಗಳಿಂದಲ್ಲ, ಆರೋಗ್ಯವಂತ ಹುಡುಗರಿಂದ. 1966ರಲ್ಲಿ ಅಮೆರಿಕದ ಡಲ್ಲಾಸ್‌ನಲ್ಲಿ ಸ್ವೀಡನ್ನಿನ ಶರೀರವಿಜ್ಞಾನಿ ಬೆಂಗ್ಟ್ ಸಾಲ್ಟಿನ್ ಮತ್ತು ಸಂಗಡಿಗರು ಇಪ್ಪತ್ತರ ಹರೆಯದ ಐವರನ್ನು ಮೂರು ವಾರ ಹಾಸಿಗೆಯಲ್ಲೇ ಇರಿಸಿದರು. ಯಾರಿಗೂ ಯಾವ ಕಾಯಿಲೆಯೂ ಇರಲಿಲ್ಲ. ಆದರೂ ಮೂರು ವಾರ ಮುಗಿಯುವ ಹೊತ್ತಿಗೆ, ಮೈಮುರಿದು ದುಡಿಯುವಾಗ ದೇಹ ಬಳಸಬಲ್ಲ ಆಮ್ಲಜನಕದ ಗರಿಷ್ಠ ಪ್ರಮಾಣ ಕಾಲುಭಾಗಕ್ಕಿಂತ ಹೆಚ್ಚು ಕುಸಿದಿತ್ತು. ಮೂವತ್ತು ವರ್ಷಗಳ ನಂತರ ಅದೇ ಐವರನ್ನು ಹುಡುಕಿ ಮತ್ತೆ ಪರೀಕ್ಷಿಸಿದಾಗ ಬೆರಗಾಗುವಂಥ ಸಂಗತಿ ಹೊರಬಿತ್ತು. ಮೂವತ್ತು ವರ್ಷದ ಮುಪ್ಪು ಕಸಿದುಕೊಂಡ ಕಸುವಿಗಿಂತ ಮೂರು ವಾರದ ಹಾಸಿಗೆ ಕಸಿದುಕೊಂಡದ್ದೇ ಹೆಚ್ಚಾಗಿತ್ತು.

ಮಲಗಿದಾಗ ಆಗುವುದೇನು? ನಿಂತಿರುವಾಗ ರಕ್ತ ಕಾಲಿನ ಕಡೆ ಇಳಿಯುತ್ತದೆ. ಅದನ್ನು ಮೇಲೆತ್ತಲು ಹೃದಯ, ರಕ್ತನಾಳ, ಮೀನಖಂಡದ ಸ್ನಾಯು ಎಲ್ಲವೂ ಸದಾ ಎಚ್ಚರದಲ್ಲಿರಬೇಕು. ಮಲಗಿದ ದೇಹಕ್ಕೆ ಆ ಕೆಲಸವಿಲ್ಲ. ಎದೆಯ ಭಾಗದಲ್ಲಿ ರಕ್ತ ಜಾಸ್ತಿ ಸೇರಿದೆ ಎಂದು ಬಗೆದು ದೇಹ ಮೂತ್ರದ ಮೂಲಕ ನೀರನ್ನು ಹೊರಹಾಕುತ್ತದೆ. ರಕ್ತದ ದ್ರವಭಾಗ ಕಡಿಮೆಯಾಗುತ್ತದೆ. ಹೃದಯ ಒಂದು ಬಡಿತಕ್ಕೆ ತಳ್ಳುವ ರಕ್ತವೂ ತಗ್ಗುತ್ತದೆ. ಹಾಸಿಗೆಯಿಂದ ಎದ್ದ ಕೂಡಲೇ ಕಣ್ಣು ಕತ್ತಲೆ ಕಟ್ಟುವುದು ಇದರಿಂದಲೇ. ಸ್ನಾಯುಗಳ ಕಥೆಯೂ ಹೀಗೇ. 2007ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಸರಾಸರಿ 67 ವರ್ಷದ ಆರೋಗ್ಯವಂತರು ಹತ್ತೇ ದಿನ ಹಾಸಿಗೆ ಹಿಡಿದದ್ದಕ್ಕೆ ಕಾಲುಗಳಲ್ಲಿ ಹತ್ತಿರಹತ್ತಿರ ಒಂದು ಕಿಲೋ ಮಾಂಸಖಂಡ ಕಳೆದುಕೊಂಡಿದ್ದರು.

ಹಾಗಾಗಿ ಬಂದ ನೆಂಟರೆಲ್ಲ ಎಳನೀರು ಕೊಟ್ಟು "ಏಳಬೇಡಿ, ಸುಮ್ಮನೆ ಮಲಗಿರಿ" ಎಂದು ಹೇಳಿ ಹೋಗುವ ಉಪಚಾರದಲ್ಲಿ ಪ್ರೀತಿಯಿದೆ, ಅಪಾಯವೂ ಇದೆ. ವೈದ್ಯರೂ ಒಂದು ಕಾಲಕ್ಕೆ ಇದನ್ನೇ ಹೇಳುತ್ತಿದ್ದರು. ಇಪ್ಪತ್ತನೇ ಶತಮಾನದ ಮೊದಲರ್ಧದಲ್ಲಿ ಹೃದಯಾಘಾತವಾದವರನ್ನು ವಾರಗಟ್ಟಲೆ ಅಲುಗಾಡದಂತೆ ಮಲಗಿಸುವುದೇ ಪದ್ಧತಿ. 1952ರಲ್ಲಿ ಬಾಸ್ಟನ್ನಿನ ಸ್ಯಾಮ್ಯುಯೆಲ್ ಲೆವಿನ್ ಮತ್ತು ಬರ್ನಾರ್ಡ್ ಲೌನ್ ರೋಗಿಗಳನ್ನು ಬೇಗನೆ ಕುರ್ಚಿಯಲ್ಲಿ ಕೂರಿಸಿ, ಕೂರಿಸುವುದೇ ಒಳ್ಳೆಯದೆಂದು ಬರೆದರು. 1955ರ ಸೆಪ್ಟೆಂಬರಿನಲ್ಲಿ ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್ ಅವರಿಗೇ ಹೃದಯಾಘಾತವಾಯಿತು. ಹೃದ್ರೋಗ ತಜ್ಞ ಪಾಲ್ ಡಡ್ಲಿ ವೈಟ್ ಅವರ ಸಲಹೆಯಲ್ಲಿ ಅವರು ಸುಮಾರು ಏಳು ವಾರ ಆಸ್ಪತ್ರೆಯಲ್ಲಿದ್ದು, ಸ್ವಲ್ಪಸ್ವಲ್ಪವಾಗಿ ಕೆಲಸ ಹೆಚ್ಚಿಸಿಕೊಂಡು, ಮರುವರ್ಷ ಚುನಾವಣೆಗೆ ನಿಂತು ಗೆದ್ದರು. ಹೃದಯಾಘಾತವೆಂದರೆ ದುಡಿಮೆಯ ಬದುಕು ಮುಗಿಯಿತು ಎಂದು ನಂಬಿದ್ದವರಿಗೆ ಅದೊಂದು ದೊಡ್ಡ ಉದಾಹರಣೆಯಾಯಿತು.

ಹಾಗಾದರೆ ಅಮ್ಮ ಎಷ್ಟು ದುಡಿಯಬಹುದು? ಇದನ್ನು ಅಳೆಯಲು ವೈದ್ಯರ ಬಳಿ ಮೆಟ್ ಎಂಬ ಅಳತೆಯಿದೆ. ಸುಮ್ಮನೆ ಕೂತಿರುವಾಗ ದೇಹಕ್ಕೆ ಬೇಕಾಗುವ ಆಮ್ಲಜನಕ ಒಂದು ಮೆಟ್. ಕಿಲೋ ತೂಕಕ್ಕೆ ನಿಮಿಷಕ್ಕೆ 3.5 ಮಿಲಿಲೀಟರ್. ನಿಂತು ಪಾಠ ಮಾಡುವುದಕ್ಕೆ ಎರಡರ ಆಸುಪಾಸು. ಸಾಧಾರಣ ನಡಿಗೆಗೆ ಮೂರು, ಮೂರೂವರೆ. ಮೆಟ್ಟಿಲು ಹತ್ತುವುದಕ್ಕೆ ನಿಧಾನವಾಗಿ ಹೋದರೂ ನಾಲ್ಕು, ಕೈಯಲ್ಲಿ ಭಾರವಿದ್ದರೆ ಇನ್ನೂ ಮೇಲೆ.

ಟ್ರೆಡ್‌ಮಿಲ್ ಪರೀಕ್ಷೆಯಲ್ಲಿ ಅಮ್ಮನ ಗರಿಷ್ಠ ಶಕ್ತಿ ಐದು ಮೆಟ್ ಎಂದು ಬಂದಿದೆ ಎಂದುಕೊಳ್ಳೋಣ. ಮಗಳದು ಹತ್ತು. ಶಾಲೆಯ ಅದೇ ಮೆಟ್ಟಿಲನ್ನು ಮಗಳು ತನ್ನ ಶಕ್ತಿಯ ನೂರರಲ್ಲಿ ನಲವತ್ತು ಪಾಲಿನಲ್ಲಿ, ಮೊಬೈಲಿನಲ್ಲಿ ಮಾತಾಡುತ್ತಾ ಹತ್ತುತ್ತಾಳೆ. ಅಮ್ಮ ಅದಕ್ಕೆ ನೂರರಲ್ಲಿ ಎಂಬತ್ತು ಪಾಲು ಸುರಿಯಬೇಕು. "ಅಷ್ಟು ಮೆಟ್ಟಿಲು ಹತ್ತಿದ್ದಕ್ಕೇ ಸುಸ್ತಾ?" ಎಂಬ ಮಾತು ಅಮ್ಮನಿಗೆ ಏಕೆ ಚುಚ್ಚುತ್ತದೆ ಎಂಬುದು ಈ ಲೆಕ್ಕದಲ್ಲಿ ಕಾಣುತ್ತದೆ.

ಇನ್ನೊಂದನ್ನೂ ಈ ಲೆಕ್ಕ ಹೇಳುತ್ತದೆ. ಪಾಠ ಮಾಡುವುದು ಅಮ್ಮನಿಗೆ ದೊಡ್ಡ ಭಾರವಲ್ಲ. ಭಾರವಿರುವುದು ಪಾಠದ ಆಚೀಚೆ: ಎಂಟರ ಬಸ್ಸಿನ ಎತ್ತರದ ಮೊದಲ ಮೆಟ್ಟಿಲು, ಸೀಟು ಸಿಗದ ಅರ್ಧ ಗಂಟೆ, ಮೇಲಿನ ಮಹಡಿಯ ತರಗತಿ, ತೋಳಲ್ಲಿ ಅಪ್ಪಿಕೊಂಡ ನೋಟ್‌ಬುಕ್ಕುಗಳ ಕಟ್ಟು. ಅದಕ್ಕೂ ಮೊದಲು ಬೆಳಗಿನ ಅಡುಗೆಮನೆ. ನೀರು ತುಂಬಿಸಿ, ನೆಲ ಒರೆಸಿ, ಚಪಾತಿ ಲಟ್ಟಿಸಿ, ನಾಲ್ಕು ಡಬ್ಬಿ ಕಟ್ಟುವ ಹೊತ್ತಿಗೆ ಅವರ ಒಂದು ಪಾಳಿ ಮುಗಿದಿರುತ್ತದೆ. ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕಾಗಿ ದಿನಕ್ಕೆ ಸರಾಸರಿ 289 ನಿಮಿಷ ಕೊಡುತ್ತಾರೆ. ಗಂಡಸರು ಕೊಡುವುದು 88 ನಿಮಿಷ. ಅಪ್ಪ ಕಾಯಿಲೆಯಿಂದ ಎದ್ದು ಕೆಲಸಕ್ಕೆ ಹೋಗುವುದಕ್ಕೂ ಅಮ್ಮ ಹೋಗುವುದಕ್ಕೂ ಇರುವ ವ್ಯತ್ಯಾಸ ಈ ಎರಡು ಅಂಕಿಗಳ ನಡುವೆ ಇದೆ. ಶಾಲೆಗೆ ಕಳಿಸಲು ಹೆದರುವ ಮನೆಯವರು ಬೆಳಿಗ್ಗೆ ಐದೂವರೆಗೆ ಅಮ್ಮ ಒಲೆ ಮುಂದೆ ನಿಂತಾಗಲೂ ಅಷ್ಟೇ ಹೆದರಬೇಕು.

ಹಾಗೆಂದು ಅಮ್ಮನ ಕೈಯಿಂದ ಎಲ್ಲವನ್ನೂ ಕಿತ್ತುಕೊಳ್ಳುವುದೂ ಸರಿಯಲ್ಲ. ನೆಲ ಒರೆಸುವುದು, ತುಂಬಿದ ಬಿಂದಿಗೆ ಎತ್ತುವುದು ಬೇರೆಯವರ ಪಾಲಾಗಲಿ. ಒಗ್ಗರಣೆ ಹಾಕುವುದು ಅವರದ್ದೇ ಇರಲಿ. ಡಬ್ಬಿಯ ಮುಚ್ಚಳ ತಾವೇ ತೆಗೆಯುತ್ತೇನೆ ಎಂದರೆ ಎರಡು ನಿಮಿಷ ಕಾಯಬೇಕು. ಆರು ವಾರ ಇನ್ನೊಬ್ಬರ ಕೈ ಕಾದವರಿಗೆ ಆ ಎರಡು ನಿಮಿಷ ಬಹಳ ಮುಖ್ಯ.

ಸಿಡುಕಿನ ಬಗ್ಗೆ ಮನೆಯವರು ತಿಳಿದಿರಬೇಕಾದ್ದು ಇನ್ನೂ ಇದೆ. ಹೃದಯಾಘಾತವಾದವರಲ್ಲಿ ಹತ್ತಿರಹತ್ತಿರ ಐವರಲ್ಲಿ ಒಬ್ಬರಿಗೆ ಖಿನ್ನತೆ ಬರುತ್ತದೆ. ಅಳುವುದೊಂದೇ ಅದರ ಲಕ್ಷಣವಲ್ಲ. ರೇಗುವುದು, ನಿದ್ದೆ ಬಾರದಿರುವುದು, ಇಷ್ಟದ ಧಾರಾವಾಹಿಯೂ ಬೇಡವೆನಿಸುವುದು, ಮಾತ್ರೆ ತೆಗೆದುಕೊಳ್ಳಲು ಉದಾಸೀನ ಇವೂ ಹೌದು. ಇದನ್ನು ಮನಸ್ಸಿನ ದೌರ್ಬಲ್ಯವೆಂದು ತಳ್ಳಿಹಾಕಿದರೆ ಜೀವಕ್ಕೇ ಕುತ್ತು. 1993ರಲ್ಲಿ ಮಾಂಟ್ರಿಯಲ್ ಸಂಶೋಧಕರು 222 ರೋಗಿಗಳನ್ನು ಗಮನಿಸಿ ಬರೆದ ವರದಿಯಲ್ಲಿ, ಖಿನ್ನತೆಯಿದ್ದವರು ಮೊದಲ ಆರು ತಿಂಗಳಲ್ಲಿ ಸಾಯುವ ಸಂಭವ ಖಿನ್ನತೆ ಇಲ್ಲದವರಿಗಿಂತ ಮೂರು ಪಟ್ಟಿಗೂ ಹೆಚ್ಚಿತ್ತು. ಎರಡು ವಾರವಾದರೂ ಮಂಕು ಹರಿಯದಿದ್ದರೆ, ಎದೆನೋವು ಹೇಳಿದಷ್ಟೇ ಸಲೀಸಾಗಿ ಇದನ್ನೂ ವೈದ್ಯರಿಗೆ ಹೇಳಬೇಕು.

ಸುಸ್ತಿಗೆ ಕೆಲವೊಮ್ಮೆ ಮಾತ್ರೆಯೂ ಕಾರಣ. ಹೃದಯದ ಬಡಿತವನ್ನು ಹದದಲ್ಲಿಡಲು ಕೊಡುವ ಬೀಟಾ ಬ್ಲಾಕರ್ ಗುಂಪಿನ ಔಷಧಿ ಕೆಲವರಿಗೆ ಮೈಭಾರ ತರುತ್ತದೆ. ತಾವಾಗಿಯೇ ನಿಲ್ಲಿಸುವುದು ಅಪಾಯ. ವೈದ್ಯರು ಪ್ರಮಾಣ ಬದಲಿಸಬಲ್ಲರು. ಈ ಮಾತ್ರೆ ತೆಗೆದುಕೊಳ್ಳುವವರು ನಾಡಿ ಎಣಿಸಿ ಶ್ರಮವನ್ನು ಅಳೆಯಲಾಗದು, ಏಕೆಂದರೆ ಓಡಿದರೂ ನಾಡಿ ಅಷ್ಟಾಗಿ ಏರುವುದಿಲ್ಲ. ಅದಕ್ಕಿಂತ ಮಾತಿನ ಪರೀಕ್ಷೆ ಸುಲಭ: ನಡೆಯುವಾಗ ಒಂದು ಪೂರ್ತಿ ವಾಕ್ಯವನ್ನು ತಡೆಯಿಲ್ಲದೆ ಹೇಳಲು ಬಂದರೆ ವೇಗ ಸರಿಯಿದೆ. ನಡುವೆ ಉಸಿರು ಎಳೆದುಕೊಳ್ಳಬೇಕಾಗಿ ಬಂದರೆ ನಿಧಾನಿಸಬೇಕು. ಎದೆಯಲ್ಲಿ ಬಿಗಿತ, ದವಡೆ ಅಥವಾ ತೋಳಿಗೆ ಹರಿಯುವ ನೋವು, ತಣ್ಣನೆ ಬೆವರು ಕಂಡರೆ ಕಾಯುವುದೇ ಬೇಡ, 108ಕ್ಕೆ ಕರೆ ಮಾಡಬೇಕು.

ಸ್ವಲ್ಪಸ್ವಲ್ಪವಾಗಿ ಶ್ರಮ ಹೆಚ್ಚಿಸುವ ಲೆಕ್ಕ ಹೃದಯಾಘಾತಕ್ಕೆ ಹೊಂದಿದರೂ ಎಲ್ಲ ಕಾಯಿಲೆಗೂ ಹೊಂದುವುದಿಲ್ಲ. ಕೋವಿಡ್ ನಂತರ ತಿಂಗಳುಗಟ್ಟಲೆ ಬಿಡದ ಸುಸ್ತಿನಲ್ಲಿ, ಇವತ್ತು ತುಸು ಹೆಚ್ಚು ದುಡಿದರೆ ನಾಳೆ ಅಥವಾ ನಾಡಿದ್ದು ಕೆಲವರು ಹಾಸಿಗೆ ಹಿಡಿಯುತ್ತಾರೆ. ಅಂಥವರಿಗೆ ದಿನದಿನವೂ ಹೆಜ್ಜೆ ಹೆಚ್ಚಿಸು ಎನ್ನುವುದು ಹಾನಿ. ಶಕ್ತಿಯಿರುವಾಗಲೇ ನಿಲ್ಲಿಸುವುದನ್ನು ಕಲಿಯಬೇಕು.

ಕೆಲವು ದೇಶಗಳು ರೋಗಿ ಮತ್ತು ನೌಕರನ ನಡುವೆ ಒಂದು ಸೇತುವೆ ಕಟ್ಟಿವೆ. ಬ್ರಿಟನ್ನಿನಲ್ಲಿ 2010ರಿಂದ ವೈದ್ಯರ ಚೀಟಿಯಲ್ಲಿ ಕೆಲವು ಬದಲಾವಣೆ ಮಾಡಿಕೊಟ್ಟರೆ ಕೆಲಸ ಮಾಡಬಲ್ಲರು ಎಂದು ಬರೆಯಲು ಅವಕಾಶವಿದೆ: ಕಡಿಮೆ ಗಂಟೆ, ಹಗುರ ಕೆಲಸ, ಹಂತಹಂತವಾಗಿ ಹಾಜರಿ. ಫಿನ್ಲೆಂಡ್ 2007ರಲ್ಲಿ ಅರ್ಧ ಕೆಲಸ, ಅರ್ಧ ರಜೆಗೆ ಭತ್ಯೆ ಕೊಡತೊಡಗಿತು. ನಮ್ಮಲ್ಲಿ ಕಾಯಿಲೆಯಿಂದ ಅಂಗವೈಕಲ್ಯ ಉಳಿದರೆ 2016ರ ಕಾಯ್ದೆಯ ರಕ್ಷಣೆಯಿದೆ. ಸರ್ಕಾರಿ ನೌಕರರನ್ನು ಆ ಕಾರಣಕ್ಕೆ ತೆಗೆಯುವಂತಿಲ್ಲ, ಸಂಬಳ ಇಳಿಸದೆ ಬೇರೆ ಹುದ್ದೆ ಕೊಡಬೇಕು. ವೈಕಲ್ಯವಿಲ್ಲದೆ ಬರೀ ಕಸುವು ಕುಂದಿದವರು ಹೆಡ್‌ಮಾಸ್ಟರ್ ಮುಂದೆ ನಿಂತು ಕೇಳಿಕೊಳ್ಳಬೇಕಾಗುತ್ತದೆ. ಕೇಳುವುದಕ್ಕೆ ಸಂಕೋಚ ಬೇಡ, ಕೇಳುವುದು ಸ್ಪಷ್ಟವಿರಲಿ. ಒಂದು ತಿಂಗಳು ಕೆಳಗಿನ ಕೊಠಡಿಯಲ್ಲಿ ತರಗತಿ, ಬೆಳಗಿನ ಮೊದಲ ಪೀರಿಯಡ್ ಬಿಡುವು. ಸಾಧ್ಯವಾದರೆ ಸೋಮವಾರದ ಬದಲು ಗುರುವಾರ ಹಾಜರಾಗಲಿ. ಮೂರು ದಿನ ಕಳೆದರೆ ಭಾನುವಾರ.

ಮನೆಯವರ ಭಯಕ್ಕೆ ಏನು ಮದ್ದು? 1985ರಲ್ಲಿ ಸ್ಟ್ಯಾನ್‌ಫರ್ಡ್‌ನ ಸಂಶೋಧಕರು, ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರ ಅವರೂ ಸೇರಿ, ಒಂದು ಸಣ್ಣ ಪ್ರಯೋಗ ಮಾಡಿದರು. ಹೃದಯಾಘಾತವಾಗಿ ಕೆಲವೇ ವಾರ ಕಳೆದಿದ್ದ ಗಂಡಸರಿಗೆ ಟ್ರೆಡ್‌ಮಿಲ್ ಪರೀಕ್ಷೆ. ಅವರ ಹೆಂಡತಿಯರನ್ನು ಹತ್ತು ಹತ್ತು ಮಂದಿಯಂತೆ ಮೂರು ಗುಂಪು ಮಾಡಿದರು. ಮೊದಲನೆಯವರು ಪರೀಕ್ಷೆ ನೋಡಲಿಲ್ಲ. ಎರಡನೆಯವರು ಪಕ್ಕದಲ್ಲಿ ನಿಂತು ನೋಡಿದರು. ಮೂರನೆಯವರು ನೋಡಿದ ಮೇಲೆ ತಾವೂ ಅದೇ ಟ್ರೆಡ್‌ಮಿಲ್ ಹತ್ತಿ, ಗಂಡ ಮುಟ್ಟಿದ ಅತಿ ಹೆಚ್ಚಿನ ವೇಗ, ಏರಿನಲ್ಲಿ ಮೂರು ನಿಮಿಷ ನಡೆದರು. ಬರೀ ನೋಡಿದವರ ಅಂಜಿಕೆ ಹೆಚ್ಚೇನೂ ಕದಲಲಿಲ್ಲ. ತಮ್ಮ ಕಾಲಲ್ಲೇ ಆ ಏರನ್ನು ಅರಿತವರಿಗೆ ಮಾತ್ರ ಗಂಡನ ಹೃದಯ ಇಷ್ಟನ್ನು ತಾಳಬಲ್ಲದು ಎಂಬ ನಂಬಿಕೆ ಗಟ್ಟಿಯಾಯಿತು.

ಟ್ರೆಡ್‌ಮಿಲ್ ಇಲ್ಲದ ಊರಿನಲ್ಲಿ ಶಾಲೆಯ ಮೆಟ್ಟಿಲೇ ಆದೀತು. ವೈದ್ಯರು ಒಪ್ಪಿದ ಮೇಲೆ, ಹಾಜರಾಗುವ ಹಿಂದಿನ ಭಾನುವಾರ, ಖಾಲಿ ಶಾಲೆಗೆ ಅಮ್ಮ ಮಗಳು ಇಬ್ಬರೂ ಹೋಗಬಹುದು. ನೋಟ್‌ಬುಕ್ಕಿನ ಕಟ್ಟು ಮಗಳ ತೋಳಲ್ಲಿ. ಅಮ್ಮ ಎಂದಿನ ಸೆರಗು ಸಿಕ್ಕಿಸಿಕೊಂಡು ಕಂಬಿ ಹಿಡಿಯುತ್ತಾರೆ. ಮಗಳು ಅಮ್ಮನ ವೇಗದಲ್ಲೇ, ಒಂದೊಂದೇ ಮೆಟ್ಟಿಲು. ತಿರುವಿನಲ್ಲಿ ನಿಂತು ಅಮ್ಮ ಒಂಬತ್ತನೇ ತರಗತಿಯ ಹುಡುಗರ ಹಾಜರಿ ಕರೆಯುವಂತೆ ಹೆಸರುಗಳನ್ನು ಹೇಳತೊಡಗುತ್ತಾರೆ. ಏಳನೇ ಹೆಸರಿಗೆ ಉಸಿರು ಕಟ್ಟುತ್ತದೆ. ಇಬ್ಬರೂ ಅಲ್ಲೇ ಮೆಟ್ಟಿಲ ಮೇಲೆ ಕೂರುತ್ತಾರೆ. ಎರಡು ನಿಮಿಷ ಬಿಟ್ಟು ಎಂಟನೆಯ ಹೆಸರು.