ಗುತ್ತಿಗೆಯ ಮೇಲಿನ ಶುಶ್ರೂಷೆ

ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯಲ್ಲಿ ಒಂದು ಕಾಲಕ್ಕೆ ಕೋಡಿಯ ಮಠವೆಂದು ಪ್ರಸಿದ್ಧವಾಗಿದ್ದ ವಿದ್ಯಾಸ್ಥಾನವನ್ನು ಕುರಿತ 1162ರ ಶಾಸನವು, ಅಲ್ಲಿ ವೇದಶಾಸ್ತ್ರಗಳ ಪಾಠ ನಡೆಯುತ್ತಿದ್ದುದನ್ನೂ ದೀನರಿಗೆ ಅನ್ನ ದೊರೆಯುತ್ತಿದ್ದುದನ್ನೂ ವರ್ಣಿಸಿ, ನಾನಾ ವ್ಯಾಧಿಗಳಿಂದ ನರಳುವ ಅನಾಥರಿಗೆ ಅದು ಚಿಕಿತ್ಸೆಯ ತಾಣವೂ ಆಗಿತ್ತೆಂದು ಹೇಳುತ್ತದೆ. ಇಂಥ ಕಾರ್ಯಗಳಿಗೆ ಆ ಕಾಲದವರು ಭೂಮಿಯನ್ನು ದತ್ತಿಯಾಗಿ ಬಿಡುತ್ತಿದ್ದರು. ಆಚಂದ್ರಾರ್ಕವಾಗಿ ನಡೆಯಬೇಕಾದ ಸೇವೆಗೆ ಆಧಾರವೂ ಆಚಂದ್ರಾರ್ಕವಾಗಿರಬೇಕೆಂಬ ವಿವೇಕ ಅವರಲ್ಲಿತ್ತು. ಅದೇ ಸೀಮೆಯಲ್ಲಿ ಇಂದು ಹೆರಿಗೆ ಕೊಠಡಿಯ ರಾತ್ರಿ ಪಾಳಿಯನ್ನು ನಡೆಸತಕ್ಕ, ಹಸುಗೂಸಿನ ಉಸಿರನ್ನು ಕಾಯತಕ್ಕ ಅನೇಕ ಹೆಣ್ಣುಮಕ್ಕಳ ಜೀವನಾಧಾರವು ವರ್ಷಕ್ಕೊಮ್ಮೆ ಮಾರ್ಚ್ ತಿಂಗಳ ಕೊನೆಯ ದಿನಕ್ಕೆ ಬಂದು ನಿಲ್ಲುತ್ತದೆ.

ಪಕ್ಕದ ಸೊರಬದ ಉದಾಹರಣೆ ಇನ್ನೂ ಸ್ಪಷ್ಟವಾದದ್ದು. ಆ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮಂಗಗಳು ಸಾಯತೊಡಗಿ, ಅದರ ಬೆನ್ನಿಗೇ ಜನರಿಗೂ ಜ್ವರ ಹಿಡಿದು, ಜಗತ್ತಿನ ವೈದ್ಯಗ್ರಂಥಗಳಲ್ಲೆಲ್ಲ ಆ ಸಣ್ಣ ಊರಿನ ಹೆಸರು ಒಂದು ರೋಗದ ಹೆಸರಾಗಿ ನಿಂತುಹೋಯಿತು. ಈ ಮಂಗನ ಕಾಯಿಲೆ ಡಿಸೆಂಬರ್ ವೇಳೆಗೆ ತಲೆಯೆತ್ತಿ ಬೇಸಗೆ ಮುಗಿಯುವವರೆಗೂ ಮಲೆನಾಡನ್ನು ಕಾಡುತ್ತದೆ. ದಶಕಗಳಿಂದ ಹಾಕುತ್ತಿದ್ದ ಲಸಿಕೆಯ ಪರಿಣಾಮ ಸಾಲದೆಂದು 2022ರಲ್ಲಿ ಅದನ್ನು ನಿಲ್ಲಿಸಿದ ಮೇಲಂತೂ, ಉಣುಗು ಹತ್ತದಂತೆ ಮೈಗೆ ಹಚ್ಚಿಕೊಳ್ಳುವ ಡೇಪಾ ತೈಲದ ಸೀಸೆಗಳನ್ನು ಮನೆಮನೆಗೆ ಮುಟ್ಟಿಸಿ, ದರಗಿಗೂ ಸೌದೆಗೂ ಕಾಡಿಗೆ ಹೋಗಿಬಂದವರಲ್ಲಿ ಜ್ವರ ಯಾರಿಗಿದೆಯೆಂದು ವಿಚಾರಿಸಿ, ರಕ್ತದ ಮಾದರಿ ತೆಗೆದು ಕಳುಹಿಸುವ ಕೆಲಸವೇ ಮುಖ್ಯ ರಕ್ಷೆಯಾಗಿ ಉಳಿದಿದೆ. ಕಾಯಿಲೆಯ ಭರದ ನಡುವೆಯೇ ಮಾರ್ಚ್ 31 ಬರುತ್ತದೆ. ಕಾಡಿನ ರೋಗಕ್ಕೆ ಹಣಕಾಸು ವರ್ಷದ ಪರಿವೆಯಿಲ್ಲ. ಅದನ್ನು ಎದುರಿಸುವವರ ಕರಾರು ಮಾತ್ರ ಹಣಕಾಸು ವರ್ಷಕ್ಕೆ ಕಟ್ಟುಬಿದ್ದಿದೆ.

ಈ ವ್ಯವಸ್ಥೆ ಬೆಳೆದ ಬಗೆಯನ್ನು ಸ್ವಲ್ಪ ತಿಳಿಯಬೇಕು. 2005ರಲ್ಲಿ ಆರಂಭವಾಗಿ 2013ರಲ್ಲಿ ನಗರಗಳನ್ನೂ ಒಳಗೊಂಡು ರಾಷ್ಟ್ರೀಯ ಆರೋಗ್ಯ ಅಭಿಯಾನವೆನಿಸಿಕೊಂಡ ಯೋಜನೆಯು ಗ್ರಾಮಾಂತರದ ಆಸ್ಪತ್ರೆಗಳಿಗೆ ಬಹುದೊಡ್ಡ ಉಪಕಾರವನ್ನು ಮಾಡಿತೆಂಬುದು ನಿಸ್ಸಂಶಯ. ಆದರೆ ಅದರ ಹಣದಿಂದ ನೇಮಕಗೊಂಡ ಶುಶ್ರೂಷಕಿಯರು ಖಾಯಂ ನೌಕರರಾಗಲಿಲ್ಲ. ವರ್ಷದ ಕರಾರು ಮುಗಿಯುತ್ತಲೂ ಒಂದೆರಡು ದಿನ ಬಿಡುವು ಕೊಟ್ಟು ಮತ್ತೆ ಹೊಸದಾಗಿ ನೇಮಿಸಿಕೊಂಡಂತೆ ತೋರಿಸುವ ಪದ್ಧತಿ ಗುತ್ತಿಗೆಯ ನೌಕರಿಯಲ್ಲಿ ರೂಢವಾಗಿದೆ. ಹೊರಗುತ್ತಿಗೆಯದು ಇದಕ್ಕಿಂತಲೂ ಶಿಥಿಲವಾದ ಬಂಧ. ಅಲ್ಲಿ ಶುಶ್ರೂಷಕಿ ದುಡಿಯುವುದು ಆಸ್ಪತ್ರೆಯಲ್ಲಿ, ಆಕೆಯ ಯಜಮಾನ ಟೆಂಡರು ಹಿಡಿದ ಏಜೆನ್ಸಿ. ಟೆಂಡರು ಕೈಬದಲಾದರೆ ಬಾಕಿ ಸಂಬಳಕ್ಕೂ ಪಿ.ಎಫ್. ಕಂತಿಗೂ ಯಾರನ್ನು ಕೇಳಬೇಕೆಂಬುದೇ ತೋಚದಾಗುತ್ತದೆ. ಗುತ್ತಿಗೆದಾರನು ಸಂಬಳ ಕೊಡದೆ ಹೋದರೆ ಮೂಲ ಮಾಲೀಕನೇ ಅದನ್ನು ಕೊಟ್ಟು ಆಮೇಲೆ ಅವನಿಂದ ವಸೂಲು ಮಾಡಿಕೊಳ್ಳತಕ್ಕದ್ದೆಂದು 1970ರ ಗುತ್ತಿಗೆ ಕಾರ್ಮಿಕರ ಕಾಯಿದೆ ವಿಧಿಸಿತ್ತು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಯಲ್ಲೂ ಆ ಹೊಣೆ ಉಳಿದುಕೊಂಡಿದೆ. ಹಳ್ಳಿಯಿಂದ ಬಂದು ಛಾಪಾ ಕಾಗದದ ಮೇಲೆ ತೋರಿಸಿದಲ್ಲಿ ರುಜು ಹಾಕಿದ ಹುಡುಗಿಗೆ ಇದನ್ನು ಯಾರೂ ಹೇಳಿರುವುದಿಲ್ಲ. ಆ ಕಾಗದವನ್ನು ಒಮ್ಮೆ ಓದಿದರೆ, ಸೇವೆ ಖಾಯಂ ಆಗಬೇಕೆಂದು ಮುಂದೆ ಕೇಳಕೂಡದೆಂಬ ಷರತ್ತೂ, ಕಾರಣ ಹೇಳದೆ ಬಿಡಿಸಬಹುದೆಂಬ ಷರತ್ತೂ ಅದರಲ್ಲಿ ಸಾಮಾನ್ಯವಾಗಿ ಕಾಣಸಿಗುತ್ತವೆ.

ಖಾಯಮಾತಿಯ ಪ್ರಶ್ನೆಯನ್ನು ದೇಶದ ಮುಂದಿಟ್ಟ ಮೊಕದ್ದಮೆ ನಮ್ಮ ನಾಡಿನದೇ. ಕರ್ನಾಟಕದ ವಾಣಿಜ್ಯ ತೆರಿಗೆ ಇಲಾಖೆಯ ದಿನಗೂಲಿ ನೌಕರರ ಅಹವಾಲಿನಿಂದ ಬೆಳೆದ ಉಮಾದೇವಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠವು 2006ರ ಏಪ್ರಿಲ್ 10ರಂದು, ಕ್ರಮಬದ್ಧ ಆಯ್ಕೆಯಿಲ್ಲದೆ ಸೇರಿದವರು ಬಹುಕಾಲ ದುಡಿದ ಮಾತ್ರಕ್ಕೆ ಖಾಯಮಾತಿಯನ್ನು ಹಕ್ಕಾಗಿ ಕೇಳುವಂತಿಲ್ಲವೆಂದು ತೀರ್ಪಿತ್ತಿತು. ಹಿಂಬಾಗಿಲ ನೇಮಕವನ್ನು ತಡೆಯುವುದಕ್ಕೆ ಹೇಳಿದ ಆ ಮಾತನ್ನು, ಅವಶ್ಯ ಸೇವೆಯಲ್ಲಿ ವರ್ಷಾನುಗಟ್ಟಳೆ ದುಡಿಸಿಕೊಂಡು ಕೈಬಿಡುವುದಕ್ಕೆ ಗುರಾಣಿಯಾಗಿ ಹಿಡಿದದ್ದು ಅನ್ಯಾಯವೆಂದೇ ನನ್ನ ಅಭಿಮತ. ಕೇಂದ್ರ ಜಲ ಆಯೋಗದಲ್ಲಿ ಕಸಗುಡಿಸುವ ಮತ್ತು ತೋಟದ ಕೆಲಸ ಮಾಡುತ್ತಿದ್ದವರ ಪ್ರಕರಣದಲ್ಲಿ, 2024ರ ಡಿಸೆಂಬರ್ 20ರಂದು, ಉಮಾದೇವಿ ತೀರ್ಪನ್ನು ಹಾಗೆ ದುರುಪಯೋಗಪಡಿಸುವುದು ಸಲ್ಲದೆಂದು ಅದೇ ನ್ಯಾಯಾಲಯ ಹೇಳಿತು. ಅದಕ್ಕೂ ಮುನ್ನ, ಕೊರೋನಾ ಕಾಲದಲ್ಲಿ ಆರಾರು ತಿಂಗಳ ಕರಾರಿನ ಮೇಲೆ ಸೇರಿಸಿಕೊಂಡ ಶುಶ್ರೂಷಕಿಯರು ಸೋಂಕು ಇಳಿದೊಡನೆ ಮನೆಗೆ ಮರಳಿದ್ದರು. 2023ರ ಫೆಬ್ರವರಿಯಲ್ಲಿ ಅಭಿಯಾನದ ಗುತ್ತಿಗೆ ನೌಕರರು ಖಾಯಮಾತಿಗಾಗಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಮುಷ್ಕರ ಕುಳಿತಿದ್ದರು.

ಊರಿನಲ್ಲಿ ನೆಲೆ ಸಿಕ್ಕದಿರಲು, ಆನವಟ್ಟಿಯಿಂದಲೋ ಶಿರಾಳಕೊಪ್ಪದಿಂದಲೋ ನರ್ಸಿಂಗ್ ಓದಿದ ಹುಡುಗಿ ಬೆಂಗಳೂರಿಗೋ ಮಂಗಳೂರಿಗೋ ಬಸ್ಸು ಹತ್ತುವುದು ಸಹಜವೇ. ಖಾಸಗಿ ಆಸ್ಪತ್ರೆಗಳಲ್ಲಿ ಆಕೆಗೆ ಎದುರಾಗುವ ತೊಡಕು ಬಾಂಡು: ಇಂತಿಷ್ಟು ವರ್ಷ ಬಿಡಕೂಡದು, ಬಿಟ್ಟರೆ ಇಂತಿಷ್ಟು ಹಣ ಕಟ್ಟಬೇಕು, ಕೆಲವೆಡೆ ಮೂಲ ಅಂಕಪಟ್ಟಿಗಳನ್ನೇ ಒತ್ತೆಯಂತೆ ಇರಿಸಿಕೊಳ್ಳುವುದೂ ಉಂಟು. 1872ರ ಕರಾರು ಕಾಯಿದೆಯ 74ನೆಯ ಕಲಮಿನ ಪ್ರಕಾರ ಬಾಂಡಿನಲ್ಲಿ ಬರೆದ ಮೊತ್ತವು ಗರಿಷ್ಠ ಮಿತಿಯಷ್ಟೆ. ಅದರೊಳಗೆ ನ್ಯಾಯಾಲಯಕ್ಕೆ ಸಮಂಜಸವೆಂದು ಕಂಡಷ್ಟು ಪರಿಹಾರ ಮಾತ್ರ ಸಲ್ಲತಕ್ಕದ್ದು. ಮೂಲಪತ್ರಗಳನ್ನು ತೋರಿಸಿ ನಕಲನ್ನು ಮಾತ್ರ ಕೊಟ್ಟುಬರುವುದು ಸರ್ವಥಾ ಕ್ಷೇಮ. ವೇತನದ ವಿಷಯದಲ್ಲಿ, 2016ರ ಜನವರಿಯ ಸುಪ್ರೀಂ ಕೋರ್ಟಿನ ಆದೇಶದಂತೆ ಕೇಂದ್ರ ಸರ್ಕಾರ ರಚಿಸಿದ ಸಮಿತಿಯು, 200ಕ್ಕಿಂತ ಹೆಚ್ಚು ಹಾಸಿಗೆಗಳ ಖಾಸಗಿ ಆಸ್ಪತ್ರೆಗಳಲ್ಲಿ ಸರ್ಕಾರಿ ಶುಶ್ರೂಷಕಿಯರಿಗೆ ಸಮನಾದ ಸಂಬಳವನ್ನೂ, ಅತಿ ಸಣ್ಣ ಆಸ್ಪತ್ರೆಗಳಲ್ಲಿ ಸಹ ತಿಂಗಳಿಗೆ 20,000 ರೂಪಾಯಿಗೆ ಕಡಿಮೆಯಾಗದಷ್ಟನ್ನೂ ಶಿಫಾರಸು ಮಾಡಿತು. ಶಿಫಾರಸು ಕಾಯಿದೆಯಲ್ಲ, ಎಷ್ಟೋ ಆಸ್ಪತ್ರೆಗಳ ಸಂಬಳದ ಪಟ್ಟಿಗೆ ಅದು ಇನ್ನೂ ತಲುಪಿಲ್ಲ.

ಗಡಿಯಾಚೆಗೆ ಹೋಗುವವರ ಕಥೆ ಬೇರೊಂದು ಲೇಖನಕ್ಕೆ ಸಾಲುವಷ್ಟಿದೆ. ವಲಸೆ ತಪಾಸಣೆಗೆ ಒಳಪಟ್ಟ ಕೊಲ್ಲಿ ಮೊದಲಾದ ದೇಶಗಳಿಗೆ ಶುಶ್ರೂಷಕಿಯರನ್ನು ಸರ್ಕಾರ ಗೊತ್ತುಮಾಡಿದ ಸಂಸ್ಥೆಗಳ ಮೂಲಕ ಕಳುಹಿಸಬೇಕೆಂಬ ನಿಯಮವನ್ನು, ಏಜೆಂಟರು ಲಕ್ಷಗಟ್ಟಲೆ ಸುಲಿಯುತ್ತಿದ್ದ ಕಾರಣದಿಂದ, 2015ರಲ್ಲಿ ತರಲಾಯಿತು. ನೋಂದಾಯಿತ ಏಜೆಂಟನು ಪಡೆಯಬಹುದಾದ ಶುಲ್ಕಕ್ಕೆ 30,000 ರೂಪಾಯಿ ಮತ್ತು ತೆರಿಗೆಯ ಮಿತಿಯಿದೆ. ನಮ್ಮ ರಾಜ್ಯದಲ್ಲಿಯೂ ಕೌಶಲ್ಯಾಭಿವೃದ್ಧಿ ನಿಗಮದ ಆಶ್ರಯದಲ್ಲಿ ಅಂತರರಾಷ್ಟ್ರೀಯ ವಲಸೆ ಕೇಂದ್ರವಿರುವುದರಿಂದ, ಸಾಲಮಾಡಿ ಏಜೆಂಟನ ಕೈಗೆ ಹಣ ಕೊಡುವ ಮೊದಲು ಅಲ್ಲಿ ವಿಚಾರಿಸುವುದು ಯುಕ್ತ. ಸಂಪನ್ನ ದೇಶವಾದೊಡನೆ ಕರಾರು ಭದ್ರವೆಂದು ಭಾವಿಸಲಾಗದು. ಅಮೆರಿಕದಲ್ಲಿ 13 ವಾರಗಳ ಕರಾರಿನ ಮೇಲೆ ಊರಿಂದೂರಿಗೆ ಹೋಗಿ ದುಡಿಯುವ ಶುಶ್ರೂಷಕಿಯರದೊಂದು ವರ್ಗವೇ ಉಂಟು. ಕೊರೋನಾ ಕಾಲದಲ್ಲಿ ಏರಿದ ಅವರ ವೇತನವನ್ನು 2022ರಲ್ಲಿ ಅವಧಿ ಮುಗಿಯುವ ಮುನ್ನವೇ ಇಳಿಸಿದ ಏಜೆನ್ಸಿಗಳ ಮೇಲೆ ಮೊಕದ್ದಮೆಗಳಾದವು.

ಗುತ್ತಿಗೆಯ ಅಭದ್ರತೆ ಅತ್ಯಂತ ಕ್ರೂರವಾಗುವುದು ಬಸಿರಿನ ಸಮಯದಲ್ಲಿ. ಅನ್ಯರ ಹೆರಿಗೆ ಮಾಡಿಸುವವಳೇ ತನ್ನ ಹೆರಿಗೆಯ ರಜೆ ಕೇಳಿದರೆ ನವೀಕರಣ ತಪ್ಪೀತೆಂದು ಅಂಜಿ, ತಿಂಗಳು ತುಂಬುವವರೆಗೂ ರಾತ್ರಿ ಪಾಳಿಯಲ್ಲಿ ನಿಂತಿರುವುದು ಯಾವ ನಾಗರಿಕ ಸಮಾಜಕ್ಕೂ ಶೋಭೆಯಲ್ಲ. ಹೆರಿಗೆಯ ಹಿಂದಿನ 12 ತಿಂಗಳಲ್ಲಿ 80 ದಿನ ದುಡಿದವಳಿಗೆ ಮೊದಲೆರಡು ಹೆರಿಗೆಗಳಲ್ಲಿ 26 ವಾರಗಳ ಸಂಬಳಸಹಿತ ರಜೆ ಸಲ್ಲುತ್ತದೆ. ಕರಾರಿನ ಅವಧಿ ನಡುವೆಯೇ ಮುಗಿದರೂ ಈ ಸೌಲಭ್ಯ ಮುಗಿಯದೆಂದು, ದೆಹಲಿಯ ಗುತ್ತಿಗೆ ವೈದ್ಯೆಯೊಬ್ಬರ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2023ರ ಆಗಸ್ಟ್ 17ರಂದು ನಿರ್ಣಯಿಸಿದೆ. ಆದುದರಿಂದ ಅರ್ಜಿಯನ್ನು ಬಾಯಿಮಾತಿನಲ್ಲಿ ಮುಗಿಸದೆ ಬರೆದೇ ಕೊಡಬೇಕು, ಕಚೇರಿಯ ಮೊಹರೂ ತಾರೀಖೂ ಬಿದ್ದ ಅದರ ನಕಲನ್ನು ಸಂಬಳದ ಚೀಟಿಗಳೊಡನೆ ಮನೆಯಲ್ಲಿ ಜೋಪಾನವಾಗಿ ಇಟ್ಟುಕೊಳ್ಳಬೇಕು.